ಕುತ್ತಿಗೆಮಟ್ಟ ಶಾಯಿ

ಮೋಟಾರು ರಾಯಾಪುರದ ಬೇವಿನ ಮರವನ್ನು ಬಿಟ್ಟು ಧಾರವಾಡದ ಕಡೆಗೆ ಮುಖ ಮಾಡಿದಾಗ, ಗುಡ್ಡವ್ವ ರಸ್ತೆಯ ಅಂಚಿನಲ್ಲಿ ನಿಂತು ಮಗನಿಗೆ ಕೇಳಿಸುವಂತೆ ಕೂಗಿದಳು:

"ತಮ್ಮಾ, ಪೆನ್ನಿನ ಚಿಂತಿ ಬಿಡು. ಕುತ್ತಿಗಿ ಮಟ ತುಂಬೇನಿ."

ಮೋಟಾರಿನೊಳಗಿದ್ದ ಹುಲಗಪ್ಪನ ಕೈ ತಾನಾಗಿಯೇ ಅಂಗಿಯ ಕಿಸೆಯ ಮೇಲೆ ಹೋಗಿ ಕುಳಿತಿತು. ಇಷ್ಟು ದಿನ ನಾಲ್ಕೇ ಹನಿ ಶಾಯಿ ಹಾಕಿದರೂ ನಡುಹಗಲಿನಲ್ಲಿ ಕಾಗದದ ಮೇಲೆ ಮಸಿ ಕಾರುತ್ತಿದ್ದ ಪೆನ್ನು ಅದು. ಕುತ್ತಿಗೆಯವರೆಗೆ ತುಂಬಿದರೆ ಇನ್ನೇನು ಗತಿ? ಅದೂ ಇಂದು?

ಇಂದು ಶಿರಸ್ತೇದಾರರ ಎದುರಿಗೆ ಕುಳಿತು ಅವನೊಂದು ನಕಲು ಬರೆಯಬೇಕಾಗಿತ್ತು. ಹಲವು ಹಾಳೆಗಳ ಹುಕುಂ. ಅದು ನೇರವಾಗಿ ಮೇಲಿನ ಸಾಹೇಬರ ಕೈಗೆ ಹೋಗತಕ್ಕದ್ದು. ಅದರಲ್ಲಿ ಒಂದೂ ಕಲೆ ಇಲ್ಲದಿದ್ದರೆ ಅವನ ಹಂಗಾಮಿ ಕಾರಕೂನಿಕೆ ಕಾಯಂ ಆಗುವುದು. ಒಂದೇ ಒಂದು ಕಲೆ ಬಿದ್ದರೂ ಆ ಕುರ್ಚಿ ಮತ್ತೊಬ್ಬನಿಗೆ. ಹುಲಗಪ್ಪ ಹುಬ್ಬಳ್ಳಿಯ ರೇಲ್ವೆ ಕಾರಖಾನೆಗೆ ಮರಳಿ ಸುತ್ತಿಗೆ ಹಿಡಿಯಬೇಕು.

ಸುತ್ತಿಗೆಯ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ. ಹದಿಹರೆಯದಿಂದ ಕುಲುಮೆಯ ಮುಂದೆ ನಿಂತು ಕಬ್ಬಿಣ ಬಡಿದವನು. ಆದರೆ ಅದೇ ಕೈಯಿಂದ ಸಂಜೆಯ ಸಾಲೆಯಲ್ಲಿ ಅಕ್ಷರ ತಿದ್ದಿ ಮುಲ್ಕಿ ಪರೀಕ್ಷೆ ಪಾಸಾಗಿದ್ದನು. ಅವರ ಮನೆತನದಲ್ಲಿ ಕಚೇರಿಯ ಮೆಟ್ಟಿಲನ್ನು ಅರ್ಜಿ ಹಿಡಿಯದೆ ಹತ್ತಿದ ಮೊದಲನೆಯವನು ಅವನೇ. ಆ ಮೆಟ್ಟಿಲನ್ನು ಇಳಿಯಲು ಅವನಿಗೆ ಮನಸ್ಸಿರಲಿಲ್ಲ.

ತೊಡಕು ಇದ್ದದ್ದು ಅವನ ಬೆರಳುಗಳಲ್ಲಿ. ಸುತ್ತಿಗೆಯ ಹಿಡಿಗೆ ಒಗ್ಗಿ ದಪ್ಪಗಾದ ಆ ಬೆರಳುಗಳ ನಡುವೆ ಶಾಯಿಯಲ್ಲಿ ಅದ್ದಿ ಬರೆಯುವ ಸರಕಾರಿ ಟಾಕು ಕಸಬರಿಗೆಯ ಕಡ್ಡಿಯಂತೆ ಕಳೆದುಹೋಗುತ್ತಿತ್ತು. ಜಾರದಿರಲೆಂದು ಬಿಗಿಯಾಗಿ ಹಿಡಿದರೆ ಎರಡನೆಯ ಹಾಳೆಗೆ ಹೆಬ್ಬೆರಳು ಸೆಟೆದುಕೊಳ್ಳುವುದು. ಅಲ್ಲಿಂದ ಮುಂದೆ ಅಕ್ಷರಗಳು ಗಾಳಿಗೆ ಸಿಕ್ಕ ಜೋಳದ ಪೈರಿನಂತೆ ಒಂದೇ ಕಡೆಗೆ ಬಾಗುವುವು. ಮುಂಜಾನೆಯ ಹುಲಗಪ್ಪನ ಅಕ್ಷರ ನೋಡಿದರೆ ಕಣ್ಣಿಗೆ ತಂಪು, ಮಧ್ಯಾಹ್ನದ ಹುಲಗಪ್ಪ ಬೇರೆಯೇ ಮನುಷ್ಯ ಎಂದು ಶಿರಸ್ತೇದಾರರು ಒಂದೆರಡು ಸಲ ಹೇಳಿದ್ದರು. ನಗುತ್ತಲೇ ಹೇಳಿದ್ದರೂ, ಆ ನಗೆಯ ಹಿಂದೆ ಎಚ್ಚರಿಕೆ ಇತ್ತು.

ದಪ್ಪನೆಯ ಫೌಂಟನ್ ಪೆನ್ನೊಂದು ಬೇಕೆಂದು ಅವನು ನಿಶ್ಚಯಿಸಿದ್ದು ಆಗ. ಒಂದು ಆದಿತ್ಯವಾರ ಹುಬ್ಬಳ್ಳಿಗೆ ಹೋಗಿ ದುರ್ಗದಬೈಲಿನ ಅಂಗಡಿಗಳನ್ನೆಲ್ಲ ಹತ್ತಿಳಿದನು. ಮೊದಲನೆಯ ಅಂಗಡಿಯಲ್ಲಿ ಮಖಮಲ್ಲಿನ ಮೇಲೆ ಮಲಗಿದ್ದ ವಿಲಾಯತಿ ಪೆನ್ನುಗಳಿದ್ದವು. ಬರೆಯುವ ತುದಿಗೆ ಚಿನ್ನದ ಮುಳ್ಳು, ಹವಳದ ಬಣ್ಣ. ಕೈಗೆ ಹಿತವಾಗಿದ್ದ ಒಂದೇ ಒಂದು ದಪ್ಪ ಪೆನ್ನಿನ ಬೆಲೆ ಕೇಳಿದ ಮೇಲೆ ಅದನ್ನು ಹಸುಗೂಸನ್ನು ತೊಟ್ಟಿಲಿಗೆ ಹಾಕುವಷ್ಟು ನಾಜೂಕಾಗಿ ಅದರ ಜಾಗಕ್ಕೆ ಇಟ್ಟುಬಂದನು. ಮುಂದಿನ ಅಂಗಡಿಯಲ್ಲಿ ಅಗ್ಗದ ಪೆನ್ನುಗಳೇನೋ ರಾಶಿಯಾಗಿದ್ದವು. ಎಲ್ಲವೂ ಶಾಲೆಯ ಹುಡುಗಿಯರ ಬೆರಳಿಗೆ ಮಾಡಿಸಿದಂಥವು. ಒಂದನ್ನು ಹಿಡಿದು ಬರೆಯಹೋದಾಗ ಅದರ ಹೊಟ್ಟೆ ಚಟಕ್ಕೆಂದು ಸೀಳಿತು. ಅಂಗಡಿಯವನ ಮುಖ ಹುಳ್ಳಗಾಯಿತು, ಇವನದೂ ಆಯಿತು.

ಸಂತೆಯ ಗದ್ದಲ ತೆಳುವಾಗುವಲ್ಲಿ ಹಜರತಅಲಿಯ ಅಂಗಡಿ ಇತ್ತು. ಕಾಲಿನಿಂದ ತುಳಿದು ತಿರುಗಿಸುವ ಯಂತ್ರದ ಮೇಲೆ ಹುಕ್ಕದ ನಳಿಗೆ, ತೊಟ್ಟಿಲ ಗಿಲಕಿ ಕಡೆಯುತ್ತಿದ್ದ ಆ ಮುದುಕ, ಇತ್ತೀಚೆಗೆ ಕಪ್ಪು ಗಟ್ಟಿರಬ್ಬರಿನ ಕೋಲು ತರಿಸಿ ಪೆನ್ನು ಕಡೆಯುವುದನ್ನೂ ಹಿಡಿದಿದ್ದನು. ಬಾಗಿಲ ತೊಲೆಗೆ ದಾರ ಕಟ್ಟಿ ಒಂದು ಪೆನ್ನನ್ನು ತೂಗುಹಾಕಿದ್ದನು. ಪಪ್ಪಾಯಿಯ ದಂಟಿನಷ್ಟು ದಪ್ಪ. ಗಾಳಿಗೆ ನಿಧಾನವಾಗಿ ತಿರುಗುತ್ತಿತ್ತು.

ಹುಲಗಪ್ಪ ಅದರ ಬೆಲೆ ಕೇಳಿದಾಗ ಹಜರತಅಲಿ ತಲೆಯೆತ್ತಲೇ ಇಲ್ಲ.

"ಅದು ಮಾರೂದಲ್ರಿ ಅಣ್ಣಾರ. ಅಂಗಡಿ ಗುರ್ತಿಗಂತ ಕಟ್ಟೇನಿ. ಅಂಥಾ ಪೆನ್ನು ಹಿಡಿಯೂ ಕೈ ಎಲ್ಲ್ಯದಾವ?"

ಹುಲಗಪ್ಪ ತನ್ನ ಬಲಗೈಯನ್ನು ಮುದುಕನ ಕಣ್ಣ ಮುಂದೆ ಚಾಚಿದನು. ಯಂತ್ರ ನಿಂತಿತು. ಹಜರತಅಲಿ ಆ ಅಂಗೈಯನ್ನು ತಿರುಗಿಸಿ ನೋಡಿ, ಹೆಬ್ಬೆರಳನ್ನು ಒತ್ತಿ ನೋಡಿ, ಎದ್ದುಹೋಗಿ ದಾರ ಬಿಚ್ಚಿದನು. ಪೆನ್ನು ಗುರುತಿಗೆ ಕಟ್ಟಿದ್ದೇ ಆದರೂ ಸುಳ್ಳು ಪೆನ್ನಲ್ಲ. ಹೊಟ್ಟೆ ಟೊಳ್ಳಾಗಿತ್ತು, ತಿರುಪು ನುಣ್ಣಗಿತ್ತು. ಉಕ್ಕಿನ ಮುಳ್ಳೊಂದನ್ನು ಸಿಕ್ಕಿಸಿ ಶಾಯಿಯಲ್ಲಿ ಅದ್ದಿ ಕೊಟ್ಟನು. ಹುಲಗಪ್ಪ ತನ್ನ ಹೆಸರು ಬರೆದನು, ತಾಯಿಯ ಹೆಸರು ಬರೆದನು, ಹೆಂಡತಿ ಸತ್ಯವ್ವನ ಹೆಸರು ಬರೆದನು. ಬೆರಳುಗಳು ಬಿಗಿಯಲಿಲ್ಲ. ಪೆನ್ನು ತನ್ನ ಭಾರದಿಂದ ತಾನೇ ಕಾಗದದ ಮೇಲೆ ಹೊರಳುತ್ತಿತ್ತು. ಕೈ ಸುಮ್ಮನೆ ಅದರ ಜೊತೆಗೆ ಹೋಗುತ್ತಿತ್ತು.

ಚಿನ್ನವಿಲ್ಲದ, ಹೊಳಪಿಲ್ಲದ ಪೆನ್ನಿಗೆ ಮುದುಕ ಹೇಳಿದ ಬೆಲೆ ಹುಲಗಪ್ಪನ ಕಿಸೆಯಲ್ಲಿತ್ತು. ಕಾಗದದಲ್ಲಿ ಸುತ್ತಿ ಕೊಡುವಾಗ ಹಜರತಅಲಿ ಒಂದು ಮಾತು ಹೇಳಿದನು.

"ಇದಕ್ಕ ಯಾವಾಗ್ಲೂ ಕುತ್ತಿಗಿ ಮಟ ಶಾಯಿ ಇರ್ಲಿ. ಅರೆಹೊಟ್ಟಿ ಇಡಬ್ಯಾಡ್ರಿ."

ಹುಲಗಪ್ಪನ ಕಣ್ಣು ಮುದುಕನ ಮಗ್ಗುಲಿಗಿದ್ದ ಡಬ್ಬಿಯ ಮೇಲೆ ಬಿತ್ತು. ಅದರ ತುಂಬ ನೀರಿನಲ್ಲಿ ಕದಡಿ ಶಾಯಿ ಮಾಡುವ ಮಾರಾಟದ ಗುಳಿಗೆಗಳು. ಗುಳಿಗೆ ಮಾರುವವನು ಮತ್ತೇನು ಹೇಳಿಯಾನೆಂದು ಒಳಗೊಳಗೇ ನಕ್ಕು, ಮಾತನ್ನು ಅಲ್ಲಿಯೇ ಬಿಟ್ಟು ಪೆನ್ನನ್ನಷ್ಟೇ ಮನೆಗೆ ತಂದನು.

ಮನೆಯಲ್ಲಿ ಶಾಯಿಯ ಕಾರಭಾರ ಸತ್ಯವ್ವನ ಕೈಗೆ ಹೋಯಿತು. ಹೋಗದಿರಲು ಸಾಧ್ಯವೇ ಇರಲಿಲ್ಲ. ದೀಪದ ಎಣ್ಣೆ, ಡಬ್ಬಿಯ ಬೆಲ್ಲ, ಗಡಿಗೆಯ ತುಪ್ಪ ಎಲ್ಲದಕ್ಕೂ ಆ ಮನೆಯಲ್ಲಿ ಅವಳ ಬೆರಳೇ ಅಳತೆ. ಗುಡ್ಡವ್ವ ಬಂದವರಿಗೆಲ್ಲ ಕೈ ಬಿಚ್ಚಿ ಬಡಿಸುವವಳಾದ್ದರಿಂದ ತುಪ್ಪದ ಗಡಿಗೆ ಅತ್ತೆಯ ಕೈಗೆಟುಕದ ಅಟ್ಟದ ಮೇಲೆ ಕುಳಿತು ವರ್ಷಗಳಾಗಿದ್ದವು. ಪೆನ್ನಿಗೂ ಅದೇ ನ್ಯಾಯ. ದಿನಾ ಮುಂಜಾನೆ ಗಾಜಿನ ನಳಿಗೆಯಿಂದ ಅಂದಿನ ಬರವಣಿಗೆಗೆ ಬೇಕಾಗುವಷ್ಟು ಶಾಯಿಯನ್ನು ಮಾತ್ರ ಹನಿಸಿ ತಿರುಪು ಮುಚ್ಚುತ್ತಿದ್ದಳು.

ಮೊದಲೆರಡು ದಿನ ಸಣ್ಣಪುಟ್ಟ ಬರಹವಷ್ಟೇ ಇದ್ದುದರಿಂದ ಹುಲಗಪ್ಪ ಅರಸನಂತೆ ಬರೆದನು. ಮೂರನೆಯ ದಿನ ಊಟದ ಹೊತ್ತಿಗೆ, ಹೊಲದ ಚಕ್ಕುಬಂದಿ ಬರೆಯುತ್ತಿದ್ದಾಗ, ಮುಳ್ಳಿನ ತುದಿಯಿಂದ ಗೋಲಿಯಷ್ಟು ಮಸಿ ಜಾರಿಬಿದ್ದು ಒಬ್ಬ ಬಡ ರೈತನ ಪೂರ್ವದಿಕ್ಕನ್ನೇ ನುಂಗಿಹಾಕಿತು. ಪಕ್ಕದ ಮೇಜಿನ ಗೋವಿಂದಪ್ಪ ಕತ್ತು ಉದ್ದ ಮಾಡಿ ನೋಡಿದನು. ಪೆನ್ನಿಗೆ ಒನಕೆಯೆಂದು ಹೆಸರಿಟ್ಟವನು ಅವನೇ.

"ಒನಕಿ ಬರೇ ಕುಟ್ಟತೇತಿ ಅಂತ ತಿಳದಿದ್ದೆ, ಹುಲಗಪ್ಪ. ನೀರೂ ಹಾಕತೇತೇನು?"

ಅಂದಿನಿಂದ ಇದೇ ಪಾಡಾಯಿತು. ತಿರುಪಿಗೆ ಮೇಣ ಸವರಿದ್ದಾಯಿತು, ಮುಳ್ಳು ಬದಲಿಸಿದ್ದಾಯಿತು, ಅಂಗಿಯ ತೋಳಿನಲ್ಲಿ ಚಿಂದಿ ಇಟ್ಟುಕೊಂಡದ್ದಾಯಿತು. ಶಾಯಿ ಹೆಚ್ಚಾಗುತ್ತಿದೆಯೇನೋ ಎಂದು ಹೆಂಡತಿಗೆ ಹೇಳಿದಾಗ ಅವಳು ಸಂತೋಷದಿಂದಲೇ ಇನ್ನಷ್ಟು ಕಡಿಮೆ ಮಾಡಿದಳು. ಪೆನ್ನು ಇನ್ನಷ್ಟು ಬೇಗ ಕಾರಿತು. ಮರಳಿ ಟಾಕು ಹಿಡಿದರೆ ಹೆಬ್ಬೆರಳು ಸೆಟೆಯುವುದು ಖಂಡಿತ. ಪೆನ್ನು ಹಿಡಿದರೆ ಕಲೆ ಬೀಳುವುದು ಬಹುಮಟ್ಟಿಗೆ ಖಂಡಿತ. ಆ ಬಹುಮಟ್ಟಿಗೆ ಎಂಬ ಸಂದಿನಲ್ಲಿ ಹುಲಗಪ್ಪ ನಕಲು ಬರೆಯುವ ಸೋಮವಾರದ ಆಸೆಯನ್ನು ಇಟ್ಟುಕೊಂಡಿದ್ದನು.

ಅಂಥ ಸೋಮವಾರದಂದೇ ಸತ್ಯವ್ವ ಮನೆಯಲ್ಲಿರಲಿಲ್ಲ. ತಂಗಿಯ ಹಸುಗೂಸನ್ನು ನೋಡಲೆಂದು ಶನಿವಾರವೇ ತವರಿಗೆ ಹೋಗಿದ್ದಳು. ಶಾಯಿಯ ನಳಿಗೆ ಗುಡ್ಡವ್ವನ ಕೈಗೆ ಬಂತು. ಕೈ ಬಿಚ್ಚಿ ಹಾಕಿದಳು.

ಧಾರವಾಡದಲ್ಲಿ ಮೋಟಾರಿನಿಂದ ಇಳಿದವನೇ ಹುಲಗಪ್ಪ ಕಚೇರಿಯ ಹಿತ್ತಿಲಿಗೆ ನಡೆದನು. ಅಲ್ಲೊಂದು ಮೋರಿ ಇತ್ತು. ತುಂಬಿದ ಶಾಯಿಯನ್ನು ಚೆಲ್ಲಿ, ತಳದಲ್ಲಿ ನಾಲ್ಕು ಹನಿ ಉಳಿಸಿಕೊಂಡು ಒಳಗೆ ಹೋಗುವುದು ಅವನ ಎಣಿಕೆ. ಜವಾನ ದ್ಯಾಮಣ್ಣ ಜಗಲಿಯಿಂದ ಕರೆದನು; ಶಿರಸ್ತೇದಾರರು ಕಾಗದ ತೆಗೆದಿಟ್ಟುಕೊಂಡು ಕಾಯುತ್ತಿದ್ದಾರಂತೆ.

ಹುಲಗಪ್ಪ ಪೆನ್ನನ್ನು ನೆಟ್ಟಗೆ ಹಿಡಿದು ತಿರುಪು ಬಿಚ್ಚಿದನು. ಶಾಯಿ ನಿಜಕ್ಕೂ ಕುತ್ತಿಗೆಗೆ ಬಂದು ನಿಂತಿತ್ತು; ಕಪ್ಪು ಬಾಯಿಯಲ್ಲಿ ಕಪ್ಪು ಕನ್ನಡಿ. ಮೋರಿಯ ಮೇಲೆ ಕೈ ಬಾಗಿಸಿದನು. ಇನ್ನು ಒಂದು ಎಳೆ ಬಾಗಿದರೆ ಸುರಿಯಬೇಕು. ಆ ಎಳೆಯಲ್ಲಿ ಕೈ ನಿಂತುಬಿಟ್ಟಿತು.

ಹೀಗೆ ತುಂಬಿದ ಬಾಯಿಯನ್ನು ಅವನು ಎಲ್ಲಿಯೋ ನೋಡಿದ್ದನು. ಎಲ್ಲಿಯೋ ಏನು, ವರ್ಷಗಟ್ಟಲೆ ನೋಡಿದ್ದನು. ಕಾರಖಾನೆಯ ಎಣ್ಣೆಕುಪ್ಪಿ! ಯಂತ್ರದ ಸಂದಿಗೆ ಎಣ್ಣೆ ಬಿಡುವ ಉದ್ದಮೂತಿಯ ಆ ಕುಪ್ಪಿಗಳನ್ನು ದಿನಾ ಮುಂಜಾನೆ ಕಂಠಪೂರ್ತಿ ತುಂಬಿಸುವುದು ಅವನ ಮೊದಲ ಕೆಲಸವಾಗಿತ್ತು. ಒಮ್ಮೆ ಆಲಸ್ಯದಿಂದ ಅರ್ಧ ಬರಿದಾದ ಕುಪ್ಪಿಯನ್ನು ಕುಲುಮೆಯ ಬಳಿ ಮೂತಿ ಕೆಳಗಾಗಿ ಒರಗಿಸಿಟ್ಟಾಗ, ಮುಟ್ಟುವವರಿಲ್ಲದೆಯೇ ಅದು ಎಣ್ಣೆ ಉಗುಳಿ ನೆಲವನ್ನೆಲ್ಲ ರಾಡಿ ಮಾಡಿತ್ತು. ಕಾವಿಗೆ ಒಳಗಿನ ಗಾಳಿ ಉಬ್ಬುತ್ತದೆ, ಉಬ್ಬಿದ ಗಾಳಿ ಎಣ್ಣೆಯನ್ನು ನೂಕುತ್ತದೆ, ತುಂಬಿದ ಕುಪ್ಪಿಯಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ ಎಂದು ಮಿಸ್ತ್ರಿ ಬಡೇಸಾಬ ಅವನ ಕಿವಿ ಹಿಡಿದು ಹೇಳಿಕೊಟ್ಟಿದ್ದನು.

ಹುಲಗಪ್ಪ ತನ್ನ ಬಲಗೈಯನ್ನು ಕೆನ್ನೆಗೆ ಒತ್ತಿ ನೋಡಿದನು. ಚಳಿಯ ಮುಂಜಾನೆಯಲ್ಲೂ ಅದು ಕುಲುಮೆಯ ಕೈಯೇ; ಬೆಚ್ಚಗಿತ್ತು. ಹಾಗಾದರೆ ಅರೆಹೊಟ್ಟೆ ಇಡಬೇಡಿರೆಂದು ಹಜರತಅಲಿ ಹೇಳಿದ್ದು ಗುಳಿಗೆ ಮಾರಲು ಆಡಿದ ಮಾತಲ್ಲ.

ಆದರೂ ಅದು ಬರಿಯ ಊಹೆ. ಎಣ್ಣೆಯೇ ಬೇರೆ, ಶಾಯಿಯೇ ಬೇರೆ. ಊಹೆ ತಪ್ಪಿದರೆ ಬೀಳುವುದು ಹನಿಯಲ್ಲ, ಮಡುವು. ದ್ಯಾಮಣ್ಣ ಮತ್ತೊಮ್ಮೆ ಕರೆದನು. ಹುಲಗಪ್ಪ ಮೋರಿಯ ಕಡೆಗೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿ, ತಿರುಪನ್ನು ಹಾಗೆಯೇ ಮುಚ್ಚಿದನು.

ಮೊದಲನೆಯ ಹಾಳೆ ಸುಲಭವಾಗಿ ಸಾಗಿತು. ಅದು ಯಾವಾಗಲೂ ಸಾಗುವಂಥದೇ. ಎರಡನೆಯದರ ನಡುವೆ ಮುಳ್ಳಿನ ತುದಿ ಮಿನುಗಿದಂತಾಯಿತು. ಬಗ್ಗಿ ನೋಡಿದನು; ಅದು ಕಿಟಕಿಯ ಬೆಳಕು. ಶಿರಸ್ತೇದಾರರು ಎದುರಿಗೆ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದರು. ಗೋವಿಂದಪ್ಪ ಇಲ್ಲದ ಕೆಲಸ ಹುಡುಕಿಕೊಂಡು ಮೇಜಿನ ಹತ್ತಿರ ಸುಳಿದಾಡಿದನು. ಮೂರನೆಯ ಹಾಳೆಯ ಹೊತ್ತಿಗೆ ಅಂಗೈ ಕಾದು ಪೆನ್ನಿನ ಹೊಟ್ಟೆಯೂ ಬೆಚ್ಚಗಾಯಿತು. ಎಂದಿನಂತೆ ಮಸಿ ಬೀಳುವ ಗಳಿಗೆ ಇದೇ. ಹುಲಗಪ್ಪ ಪೆನ್ನನ್ನು ಎತ್ತಲಿಲ್ಲ, ಚಿಂದಿಗೆ ಕೈ ಹಾಕಲಿಲ್ಲ; ಸಾಲು ಮುಗಿಸಿದನು, ಮುಂದಿನ ಸಾಲಿಗೆ ಹೋದನು. ಮಸಿ ಬೀಳಲಿಲ್ಲ. ಅದರ ಮುಂದಿನ ಸಾಲಿನಲ್ಲಿಯೂ ಬೀಳಲಿಲ್ಲ. ಎಲ್ಲಿಂದಲೋ ಒಂದು ಸಮಾಧಾನ ಬಂದು ಅವನ ಭುಜದ ಮೇಲೆ ಕೈಯಿಟ್ಟಂತಾಯಿತು. ಆಮೇಲೆ ಅವನು ಹೆದರಿ ಬರೆಯಲಿಲ್ಲ, ಅಕ್ಷರದ ಸುಖಕ್ಕಾಗಿ ಬರೆದನು.

ಶಿರಸ್ತೇದಾರರು ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಕೊನೆಯದನ್ನು ಕೆಳಗಿಟ್ಟು ಪೆನ್ನನ್ನು ಕೇಳಿ ಪಡೆದು, ಅಂಗೈಯಲ್ಲಿ ಅದರ ತೂಕ ನೋಡಿದರು.

"ಮಧ್ಯಾಹ್ನದ ಹುಲಗಪ್ಪನ್ನ ಎಲ್ಲಿ ಬಿಟ್ಟು ಬಂದಿ?"

"ಮೋರಿ ಹತ್ರರೀ, ರಾಯರ."

ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಕಾಯಂ ಆದ ಸುದ್ದಿಯನ್ನು ಸಂಜೆಯೊಳಗೆ ದ್ಯಾಮಣ್ಣನೇ ತಂದು ಮುಟ್ಟಿಸಿದನು. ಗೋವಿಂದಪ್ಪ ಪೆನ್ನಿನ ಅಂಗಡಿಯ ಗುರುತು ಕೇಳಿದನು. ತನಗಲ್ಲ, ಅಳಿಯನಿಗೆ ಎಂದನು.

ಸಂಜೆ ಸತ್ಯವ್ವ ತವರಿನಿಂದ ಬಂದಿದ್ದಳು. ಹುಲಗಪ್ಪ ನಡೆದದ್ದನ್ನೆಲ್ಲ ಹೇಳಿದಾಗ ಕಾಯಂ ಆದದ್ದಕ್ಕೆ ಅವಳ ಕಣ್ಣು ತುಂಬಿ ಬಂತು. ಶಾಯಿಯ ಸಂಗತಿಯನ್ನು ಮಾತ್ರ ನಂಬಲಿಲ್ಲ. ಕಡಿಮೆ ಹಾಕಿದರೆ ಹೆಚ್ಚು ಸೋರುವುದುಂಟೇ? ಅವನು ಪೆನ್ನಿನ ಶಾಯಿಯನ್ನು ಬಾಟಲಿಗೆ ಬಗ್ಗಿಸಿ, ಅವಳ ಅಳತೆಯ ನಾಲ್ಕು ಹನಿ ಉಳಿಸಿ, ಮುಳ್ಳು ಕೆಳಗಾಗಿ ಮುಷ್ಟಿಯಲ್ಲಿ ಹಿಡಿದು ಒರಳುಕಲ್ಲಿನ ಮೇಲೆ ಚಾಚಿದನು. ಮೂವರೂ ಬಗ್ಗಿ ನೋಡುತ್ತ ನಿಂತರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಸತ್ಯವ್ವನ ತುಟಿಯ ಮೇಲೆ ಗೆಲುವಿನ ನಗೆ ಮೂಡುವಷ್ಟರಲ್ಲಿ ಮುಳ್ಳಿನ ತುದಿಯಲ್ಲಿ ಹನಿ ಕೂಡಿತು, ಉಬ್ಬಿತು, ಕಲ್ಲಿನ ಮೇಲೆ ಟಪ್ಪೆಂದು ಬಿತ್ತು.

ಗುಡ್ಡವ್ವ ಸೊಸೆಯನ್ನು ನೋಡಿದಳು. ಸೆರಗು ಸರಿಪಡಿಸಿಕೊಂಡ ರೀತಿಯೇ ಸಾಕಾಗಿತ್ತು.

ಸತ್ಯವ್ವ ಬೆರಳಿನಿಂದ ಆ ಕಲೆಯನ್ನು ಒರೆಸಿದಳು. ಆಮೇಲೆ ಒಳಗೆ ಹೋಗಿ ಗಾಜಿನ ನಳಿಗೆಯನ್ನು ತಂದು, ಶಾಯಿಯ ಬಾಟಲಿಯ ಜೊತೆಗೆ ಅತ್ತೆಯ ಮಡಿಲಿಗೆ ಹಾಕಿದಳು.

"ಇನ್ನ ಮ್ಯಾಲೆ ಪೆನ್ನು ನೀವ ತುಂಬ್ರಿ ಅತ್ತಿ. ಅಷ್ಟು ಸುರಿಯಾಕ ನನ್ನ ಕೈ ಬರೂದಿಲ್ಲ."

ಗುಡ್ಡವ್ವ ಬಾಟಲಿಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡುತ್ತ, ಯಾರಿಗೂ ಅಲ್ಲವೆಂಬಂತೆ, ಹಂಗಾದ್ರ ತುಪ್ಪಾನೂ ಹಂಗ ಇರಬೇಕು, ತುಂಬ ಹಾಕಿದ್ರ ಉಳೀತೇತಿ ಅಂದಳು.

ಸತ್ಯವ್ವ ಆಗಲೇ ಅಟ್ಟದ ಕೆಳಗೆ ಹೋಗಿ ನಿಂತಿದ್ದಳು.

"ಗಡಿಗಿ ನನ್ನ ಕಡೆನ ಇರ್ಲಿ ಬಿಡ್ರಿ," ಎಂದಳು.