ನಲವತ್ತೊಂದು ಡಿಗ್ರಿ

ತಗಡು ಟಣ್ ಎನ್ನುತ್ತಿದೆ, ಮಧ್ಯಾಹ್ನದ ಬಿಸಿಲಿಗೆ ಹಿಗ್ಗುತ್ತಿರಬೇಕು, ಭೂಕಂಪದ ವರ್ಷ ಕೊಟ್ಟ ಶೆಡ್ಡು, ಮೂರು ವರ್ಷವಾದರೂ ಉಮರ್ಗಾದ ಈ ಓಣಿಯಲ್ಲಿ ಕಲ್ಲುಗೋಡೆಯ ಕೆಳಗೆ ಮಲಗುವ ಧೈರ್ಯ ಯಾರಿಗೂ ಬಂದಿಲ್ಲ, ಅಪ್ಪ ನಿಲಂಗಾದ ಕಡೆ ಹೋಗಿದ್ದಾನೆ, ಹೊಸ ಸಿಮೆಂಟಿನ ಮನೆಗಳ ಗೃಹಪ್ರವೇಶಕ್ಕೆ, ಪೂಜೆ ಮಾಡಿಸುವ ಅವನಂಥ ಸ್ವಾಮಿಗಳಿಗೆ ಈಗ ದಿನಕ್ಕೆರಡು ಮನೆ, ಮತ್ತು ನಾನು ಇಲ್ಲಿ ಸ್ಟೋವಿನ ಮೇಲೆ ಅರ್ಧ ಇಟ್ಟಿಗೆ ಕಾಯಿಸುತ್ತಿದ್ದೇನೆ, ಅವ್ವ ಹಾಸಿಗೆಯಿಂದ, ಸುಮಿ, ಎಷ್ಟ ಡಿಗ್ರಿ ಆತು, — ಡಿಗ್ರಿ ಎಂಬ ಮಾತನ್ನು ಕಲಿಸಿದವಳು ನಾನೇ, ಹೋದ ದೀಪಾವಳಿಗೆ ಹೈದರಾಬಾದಿನಿಂದ ಬಂದಾಗ, ಜೋಳ ಹಸನು ಮಾಡುತ್ತ ಕೂತವಳು ಕೇಳಿದ್ದಳು, ಅಲ್ಲಿ ದಿನಾ ಏನ್ ಮಾಡ್ತಿ ಯವ್ವಾ, — ಕ್ಯಾನ್ಸರಿನ ಕೆಲಸ ಅವ್ವಾ, ತತ್ತಿಯೊಳಗಿನ ಎಳೇ ಕೋಳಿಮರಿಯ ಜೀವಕೋಶ, ಮೈಯೊಳಗಿನ ಕಾಳು ಅನ್ನು ಬೇಕಾದ್ರ, ಅದಕ್ಕ ಗಡ್ಡಿ ತರೋ ವೈರಸ್ ಹಚ್ಚತೀವಿ, — ಮೊರ ನಿಂತಿತು, ಶ್, ಜಂಗಮರ ಮಗಳಾಗಿ ತತ್ತಿ ಒಡೀತಿಯೇನ, ನಿಮ್ಮಪ್ಪನ ಮುಂದ ತತ್ತಿ ಅನಬ್ಯಾಡ, ಬಟಾಟಿ ಅನ್ನು, ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು, ಆ ನಗು ನಿಲ್ಲಬಾರದೆಂದು ಇನ್ನೂ ಹೇಳಿದೆ, ನಮ್ಮ ವೈರಸ್ ಕುಂಟು, ಕಾವು ತಡೆಯುವುದಿಲ್ಲ, ಮೂವತ್ತೈದು ಡಿಗ್ರಿಯ ಪೆಟ್ಟಿಗೆಯಲ್ಲಿ ಕಾಳುಗಳು ಉಂಡುಂಡೆಯಾಗಿ ಒಂದರ ಮೇಲೊಂದು ಹತ್ತಿ ಕೂಡುತ್ತವೆ, ನಲವತ್ತೊಂದರ ಪೆಟ್ಟಿಗೆಗೆ ಸರಿಸಿದರೆ ಬೆಳಗಾಗುವುದರೊಳಗೆ ಚಪ್ಪಟೆ, ಊಟದ ಪಂಕ್ತಿಗೆ ಕೂತವರ ಹಾಗೆ ತಮ್ಮ ತಮ್ಮ ಜಾಗದಲ್ಲಿ, — ಬಿಸಿಗೆ ಶ್ಯಾಣ್ಯಾ ಆಗ್ತಾವೇನ, — ಹೂಂ ಅವ್ವಾ, ಆಗ್ತಾವ.

ಅಷ್ಟೇ ಹೇಳಿದೆ. ತಣ್ಣನೆಯ ಪೆಟ್ಟಿಗೆಗೆ ಮರಳಿಸಿದರೆ ಮತ್ತೆ ಉಂಡೆಯಾಗುತ್ತವೆ ಎನ್ನಲಿಲ್ಲ, ಸಾವಿರದಲ್ಲಿ ಹುಡುಕಿ ಆರಿಸಿದ ಒಂದು ಕುಂಟು ವೈರಸ್ಸಿನ ಗುಣ ಅದು, ಮನುಷ್ಯರ ಗಡ್ಡೆ ಇಂಥ ಬಿಸಿಗೆ ಜಗ್ಗುವುದಿಲ್ಲ ಎನ್ನಲಿಲ್ಲ, — ಆಗಲೇ ಅವಳ ಕಿವಿಯ ಕೆಳಗೆ, ಲಿಂಗದ ಶಿವದಾರ ಹಾಯುವಲ್ಲಿ, ಹುಣಸೆಬೀಜದಷ್ಟು ಗಂಟಿತ್ತಂತೆ, ಸೆರಗಿನೊಳಗೆ, ಅಪ್ಪನಿಗೂ ತೋರಿಸಲಿಲ್ಲ, ತೋರಿಸಿದರೆ ಈ ಬಿಸಿಯ ಮದ್ದು ಯಾರು ಹೇಳಿದರೆಂದು ಕೇಳುತ್ತಾನೆ, ತತ್ತಿಯ ಸುದ್ದಿ ಹೊರಬೀಳುತ್ತದೆ, ನನ್ನ ಸಲುವಾಗಿ ಬಾಯಿ ಕಟ್ಟಿಕೊಂಡು ಹನ್ನೊಂದು ತಿಂಗಳು ಇಟ್ಟಿಗೆಯ ಶಾಖ ಕೊಟ್ಟುಕೊಂಡಳು, ಅವ್ವನ ಧ್ವನಿ ಕೂತಿದೆ ಎಂದು ಅಪ್ಪ ಕಾಗದ ಬರೆದಾಗ ಬಂದೆ, ಉದಗೀರದ ಡಾಕ್ಟರು ಪರದೆಯಾಚೆ ನೋಡಿ ಬಂದು, ಇಷ್ಟ ತಡಾ ಯಾಕ ಮಾಡಿದ್ರಿ ಬಾಯಿ, ನೀವು ಓದಿದವರು, ಆವಾಗs ತಂದಿದ್ರ ತಗೀಬಹುದಿತ್ತು, — ಮರಳುವ ಬಸ್ಸಿನಲ್ಲಿ ಅವ್ವ ಕಿವಿಯಲ್ಲಿ, ಡಾಕ್ಟರಗ ನಮ್ಮ ಮದ್ದು ಹೇಳಲಿಲ್ಲ ನೋಡು, ಎಂದಳು, ಯಾವ ಮದ್ದೆಂದು ಆಗ ತಿಳಿಯಿತು, ಅವಳಿಗೆ ನಿಜ ಹೇಳಲಿಲ್ಲ, ಇವತ್ತೂ ಇಲ್ಲ, ಇಟ್ಟಿಗೆಯನ್ನು ಹಳೇ ಧೋತರದಲ್ಲಿ ಸುತ್ತಿ ಕೊಡುತ್ತೇನೆ, ಸೆರಗಿನೊಳಗೆ ಸರಿಸಿಕೊಂಡು ಕಣ್ಣು ಮುಚ್ಚುತ್ತಾಳೆ, ಸಣ್ಣ ಆಗ್ಯಾದ ಅನಸ್ತದ, — ಹೂಂ ಅವ್ವಾ, — ಬಾಗಿಲಲ್ಲಿ ನೆರೆಮನೆಯ ತುಳಜಾಬಾಯಿ, ಏನs ಕೋಳಿ ಡಾಕ್ಟರೀಣ್, ಅಂಜಬ್ಯಾಡ, ಸ್ವಾಮೇರಿಗೆ ಹೇಳಂಗಿಲ್ಲ, ನಗುತ್ತ, ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ, ನಮ್ಮ ಸ್ಟೋದಾಗ ಎಣ್ಣಿ ಇಲ್ಲ, ತುಸಾ ಕಾಸ್ಕೋತೀನಿ, — ಇಟ್ಟಿಗೆ. ಅವ್ವ ಕಣ್ಣು ತೆರೆಯದೆ, ಹೆಮ್ಮೆಯಿಂದ, ಆಕಿಗೂ ನಾನೇ ಹೇಳೇನಿ, ಎದಿಯಾಗ ಬಟಾಣಿಯಷ್ಟ ಗಂಟ, ತಿಂಗಳಾತು, ನಮ್ಮ ಸುಮಿ ಕಲಿಸಿದ್ದು ಅಂತ ಹೇಳೇನಿ, — ಬಟಾಣಿಯಷ್ಟು, ತಿಂಗಳು, ಇನ್ನೂ ತೆಗೆಯಬಹುದು, ಹೇಳಬೇಕು, ಹೊರಗೆ ಕರೆದು ಹೇಳಲೇ, ತಗಡಿನಾಚೆಯ ಪಿಸುಮಾತೂ ಒಳಗೆ ಕೇಳುತ್ತದೆ, ಆಮೇಲೆ ಹೇಳಲೇ, ಅವ್ವನ ಹನ್ನೊಂದು ತಿಂಗಳೂ ಹೀಗೇ ಹೋದವು, ತುಳಜಾಬಾಯಿ ಸ್ಟೋವಿನ ಕಡೆ ಬಾಗುತ್ತಿದ್ದಾಳೆ, ಮಾವಶಿ, ಇಡಬ್ಯಾಡ್ರಿ, ಮಾತಾಡಿದ್ದು ನನ್ನ ಬಾಯಿಯೇ, ಇದರಿಂದ ಏನೂ ಆಗೂದಿಲ್ರಿ, ಅದು ಆ ತತ್ತಿಯೊಳಗಿನ ಮಾತು, ಮನಷ್ಯಾರದಲ್ಲ, ನಾಳಿ ಮುಂಜಾನೆ ನನ್ನ ಸಂಗಾಟ ಉದಗೀರಕ್ಕ ನಡೀರಿ, — ಅಗ ಬಾಯಿ, ಮತ್ತ ನಿಮ್ಮವ್ವ, ಎಂದವಳು ಅರ್ಧಕ್ಕೆ ನಿಂತಳು, ಅವ್ವ ಕಣ್ಣು ತೆರೆದಳು, ನನ್ನತ್ತ ನೋಡಲಿಲ್ಲ, ಆಕಿನ್ನ ಕರಕೊಂಡ ಹೋಗು, ಎಂದಳು ಕೂತ ಧ್ವನಿಯಲ್ಲಿ, ಸೆರಗು ಸರಿಸಿ ಇಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಸದ್ದಾಗದಂತೆ ನೆಲಕ್ಕಿಟ್ಟಳು, ಮತ್ತೆ ಸೆರಗು ಎಳೆದುಕೊಳ್ಳಲಿಲ್ಲ, ಕುತ್ತಿಗೆಯ ಮೇಲೆ ಸುಟ್ಟ ಚರ್ಮ, ಕಪ್ಪು, ಅರ್ಧ ಇಟ್ಟಿಗೆಯ ಅಳತೆಯದು, ಒಂದು ಮೂಲೆ ಕಿವಿಯ ಹಾಲೆಯವರೆಗೆ, ಹೊದಿಸಬೇಕು, ಕೈ ಏಳುತ್ತಿಲ್ಲ, ಅಂಚು ಎಷ್ಟು ನೇರ, ಕಪ್ಪು, ಅರ್ಧ ಇಟ್ಟಿಗೆಯ ಅಳತೆಯದು, ಒಂದು ಮೂಲೆ —