ತೊಳೆದ ಚೆಂಡು

ಮುಂದಿನ ಕೋಣೆಯ ದೊಡ್ಡ ಗಾಜು ಒಡೆದದ್ದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಏನಾದರೂ ಆದರೆ ಮೊದಲು ಗಡಿಯಾರ ನೋಡುವುದು ನನ್ನ ಅಭ್ಯಾಸ. ನಮ್ಮ ಬಾಡಿಗೆ ಮನೆಗೂ ಗಾಲ್ಫ್ ಮೈದಾನಕ್ಕೂ ನಡುವೆ ಇರುವುದು ಒಂದು ರಸ್ತೆ, ಒಂದು ಬೇಲಿ. ಎರಡು ವರ್ಷದಲ್ಲಿ ಇದು ಮೂರನೇ ಗಾಜು. ಹಿಂದಿನ ಎರಡನ್ನು ನಾವೇ ಹಾಕಿಸಿದ್ದೆವು. ಚೆಂಡು ಸೋಫಾದ ಕೆಳಗೆ ಉರುಳಿ ನಿಂತಿತ್ತು.

ನನ್ನ ಅತ್ತೆಗೆ ಕಣ್ಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಈ ಮನೆ ಅವರಿಗೆ ಕೈಯಲ್ಲಿ ಗೊತ್ತು. ಯಾವ ಗೋಡೆ ಎಲ್ಲಿ ತಿರುಗುತ್ತದೆ, ಒಲೆಯ ಯಾವ ಗುಂಡಿ ಬಿಗಿ, ಎಲ್ಲ. ಹಿಂದಿನ ಮನೆ ಬಿಟ್ಟು ಬಂದಾಗ ಎಂಟು ತಿಂಗಳು ಮಂಚ ಬಿಟ್ಟು ಏಳಲು ಹೆದರಿದ್ದರು. ಈಗ ತಮ್ಮ ಚಹಾ ತಾವೇ ಮಾಡಿಕೊಳ್ಳುತ್ತಾರೆ. ತರಕಾರಿ, ಪಾತ್ರೆ, ಚಪ್ಪಲಿ, ಹೊರಗಿನಿಂದ ಬಂದದ್ದನ್ನೆಲ್ಲ ತೊಳೆಯುವುದು ಅವರ ಪಾಲಿನ ಕೆಲಸ. ಅದಕ್ಕೆ ನಾವ್ಯಾರೂ ಕೈ ಹಾಕುವುದಿಲ್ಲ.

ಗಾಜಿನ ಚೂರು ಗುಡಿಸಿ, ಚೆಂಡನ್ನು ಅವರ ಕೈಗಿಟ್ಟೆ.

"ಮೈದಾನಕ್ಕೆ ಔಷಧಿ ಹೊಡೀತಾರೆ ಅತ್ತೆ. ಇದಕ್ಕೆ ಹಸಿರು ಬೇರೆ ಮೆತ್ಕೊಂಡಿದೆ. ಚೆನ್ನಾಗಿ ಉಜ್ಜಿಬಿಡಿ."

"ನನಗೆ ಹೇಳ್ಕೊಡ್ತೀಯಾ?" ಎಂದರು.

ಬಿಸಿನೀರು, ಸೋಡಾಪುಡಿ, ತಳ ಹಿಡಿದ ಪಾತ್ರೆ ತಿಕ್ಕುವ ಸ್ಟೀಲಿನ ಸ್ಕ್ರಬ್ಬರ್. ಕೊನೆಗೆ ಬೆರಳಾಡಿಸಿ ನೋಡಿ, "ತಗೋ, ಈಗ ಬೇಕಾದ್ರೆ ಬಾಯಿಗೆ ಹಾಕ್ಕೋಬಹುದು" ಎಂದರು.

ಮಧ್ಯಾಹ್ನ ಗಾಜಿನ ಸುದ್ದಿ ತಿಳಿದ ಮನೆಯ ಓನರ್ ನನ್ನ ಗಂಡನಿಗೆ ಫೋನ್ ಮಾಡಿದರು. ಫೋನಿನ ಹೊರಗೂ ಕೇಳುವಂಥ ದನಿ. "ಯಾರು ಒಡೆದ್ರು ಅಂತ ಕ್ಲಬ್ಬಿಂದ ಬರೆಸ್ಕೊಂಡು ಬನ್ನಿ, ಅವರೇ ಹಾಕಿಸ್ಲಿ. ಇಲ್ಲಾಂದ್ರೆ ಕರಾರಿನ ಪ್ರಕಾರ ಗಾಜಿಗೆ ನೀವೇ ಹೊಣೆ. ವರ್ಷ ವರ್ಷ ಈ ತಲೆನೋವು ನನಗೆ ಬೇಡ ಸ್ವಾಮಿ. ಬರೆಸ್ಕೊಂಡು ಬರದಿದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ."

"ಅಮ್ಮನ ಕಿವಿಗೆ ಬೀಳೋದು ಬೇಡ" ಎಂದರು ಇವರು.

ಮಾರನೆಯ ದಿನ ಚೆಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕ್ಲಬ್ಬಿಗೆ ಹೋದೆ. ಕಾರ್ಯದರ್ಶಿ ಒಳ್ಳೆಯವರು. ಕುರ್ಚಿಯ ಮೇಲಿದ್ದ ಫೈಲುಗಳನ್ನು ತಾವೇ ಎತ್ತಿ ನನಗೆ ಜಾಗ ಮಾಡಿಕೊಟ್ಟರು.

"ಹೊಡೆದವರೇ ಹೊಣೆ, ಕ್ಲಬ್ ಅಲ್ಲ. ನಮ್ಮ ನಿಯಮ ಅದು. ಆದ್ರೆ ನೀವು ಹೆದರ್ಕೋಬೇಡಿ. ಪ್ರತಿಯೊಬ್ಬರೂ ತಮ್ಮ ಚೆಂಡಿನ ಮೇಲೆ ಪೆನ್ನಲ್ಲಿ ಒಂದು ಗುರುತು ಹಾಕಿರ್ತಾರೆ. ಯಾರದು ಯಾವುದು ಅಂತ ನಮ್ಮ ಹತ್ರ ಪಟ್ಟಿ ಇದೆ. ಎಲ್ಲಿ, ಕೊಡಿ."

ಚೆಂಡನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಇದೆಲ್ಲಿ ಸಿಕ್ತಮ್ಮಾ? ಹೊಸ ಚೆಂಡೂ ಇಷ್ಟು ಬೆಳ್ಳಗಿರಲ್ಲ."

"ತೊಳೆದ್ವಿ."

"ಚೆಂಡನ್ನ?"

"ಹೌದು."

"ಒಡೆದ ಗಾಜನ್ನೂ ತೊಳೆದಿಟ್ಟಿದ್ದೀರೋ ಹೇಗೆ?" ಎಂದು ನಕ್ಕರು. ನಾನು ನಗದಿದ್ದುದಕ್ಕೆ ಕೆಮ್ಮಿದರು. "ಗುರುತಿನ ಬಣ್ಣ ಏನಾದ್ರೂ ನೆನಪಿದೆಯಾ?"

"ಹಸಿರು" ಎಂದೆ. ಅದನ್ನು ಹುಲ್ಲಿನ ಕಲೆ ಅಂದುಕೊಂಡಿದ್ದೆ ಎಂದು ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಆಡಿದವರಲ್ಲಿ ಹಸಿರು ಗುರುತಿನವರು ಇಬ್ಬರು. ಹಲ್ಲಿನ ಡಾಕ್ಟರದು ಒಂದು ಗೆರೆ. ನಿವೃತ್ತ ಪೈಲಟ್ ಒಬ್ಬರದು ಎರಡು ಚುಕ್ಕೆ.

"ಗೆರೆನಾ, ಚುಕ್ಕೆನಾ? ಇದರಲ್ಲಿ ಬರೆದು ಸಹಿ ಹಾಕಿ, ಸಾಕು. ಇಬ್ಬರೂ ದೊಡ್ಡ ಮನಸ್ಸಿನೋರು, ಇಲ್ಲ ಅನ್ನಲ್ಲ."

ಫಾರಂ ನನ್ನ ಕಡೆ ತಳ್ಳಿದರು. ಕಣ್ಣು ಮುಚ್ಚಿದೆ. ಗೆರೆ ಎಂದುಕೊಂಡರೆ ಗೆರೆ ಕಂಡಿತು, ಚುಕ್ಕೆ ಎಂದುಕೊಂಡರೆ ಚುಕ್ಕೆ. 'ಗೊತ್ತಿಲ್ಲ' ಎಂದು ಬರೆದು ಸಹಿ ಹಾಕಿದೆ.

"ಅಯ್ಯೋ, ಇಷ್ಟಕ್ಕೆ ಫಾರಂ ಯಾಕೆ ಬೇಕಿತ್ತಮ್ಮಾ?" ಎಂದರು, ಬೇಸರದಿಂದಲೇ.

ಮನೆಯಲ್ಲಿ ಇವರು ಪೂರ್ತಿ ಕೇಳಿಸಿಕೊಂಡರು. "ಗೆರೆ ಅಂದಿದ್ರೆ ಏನಾಗ್ತಿತ್ತು? ಆ ಡಾಕ್ಟರು ಬೀದಿಗೆ ಬೀಳ್ತಿದ್ರಾ?"

"ಇಲ್ಲ."

"ಮತ್ತೆ?"

ಇವರು ಚಪ್ಪಲಿ ಮೆಟ್ಟಿಕೊಂಡು ಬೇರೆ ಬಾಡಿಗೆ ಮನೆ ವಿಚಾರಿಸಲು ಹೊರಟರು.

ಅತ್ತೆ ಗೋಡೆ ಸವರುತ್ತ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

"ನನಗೆ ಹೋಗಿರೋದು ಕಣ್ಣು, ಕಿವಿಯಲ್ಲ. ಮನೆ ಬಿಡ್ಬೇಕಾ?"

"ಹೂಂ ಅತ್ತೆ."

"ಯಾಕಂತೆ?"

"ಓನರಿಗೆ ಬೇಕಂತೆ."

ಅತ್ತೆ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದರು. "ಹೋಗೋ ಮನೇಲಿ ಅಡುಗೆಮನೆ ಎಲ್ಲಿದೆ, ತೋರ್ಸು. ಈಗ್ಲಿಂದ್ಲೇ ಕಲಿತ್ಕೊಳ್ತೀನಿ."

ಮನೆ ಇನ್ನೂ ಸಿಕ್ಕಿರಲಿಲ್ಲ.

"ಬಾಗಿಲು ಇಲ್ಲಿ. ಇಲ್ಲಿಂದ ಎಡಕ್ಕೆ ಅಡುಗೆಮನೆ" ಎಂದು ಅಂಗೈ ಮೇಲೆ ಬೆರಳಿಟ್ಟು ತೋರಿಸಿದೆ.

"ಬಚ್ಚಲು?"

"ಅದರ ಪಕ್ಕಕ್ಕೇ."

"ಮೆಟ್ಟಿಲು?"

"ಇಲ್ಲ" ಎಂದೆ. "ಒಂದೂ ಇಲ್ಲ ಅತ್ತೆ."