ರಾ ಲೆಸೊಲೆಯ ದನಗಳು

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ರಾ ಲೆಸೊಲೆ ತಡವರಿಸಲಿಲ್ಲ: ತಾನು, ಹೆಂಡತಿ, ವಜ್ರದ ಗಣಿಯಲ್ಲಿ ಕೆಲಸಕ್ಕಿರುವ ಮಗಳು. ದನ ಎಷ್ಟು ಎಂದಾಗ ಮಾತ್ರ ಮುದುಕ ಹ್ಯಾಟು ಸರಿಪಡಿಸಿಕೊಂಡ.

"ಇವೆ, ಒಂದಿಷ್ಟು."

ಬೊನೊಲೊಳ ಪೆನ್ಸಿಲ್ ಅಲ್ಲೇ ನಿಂತಿತು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಈ ವಾರ ಬೋಟ್ಸ್ವಾನಾದ ಜನಗಣತಿ ಕೆಲಸ. ಹೋದ ಸಲ ಬಂದವರು ಕಲಹಾರಿಯ ಅಂಚಿನ ಈ ದೊಡ್ಡಿಗಳಲ್ಲೆಲ್ಲ 'ಒಂದಿಷ್ಟು' ಎಂದೇ ಬರೆದುಕೊಂಡು ಹೋಗಿದ್ದರು. ದನಗಳಿಗೆ ತಗಲುವ ಚಪ್ಪೆಬೇನೆಯ ಲಸಿಕೆಯೂ ಒಂದಿಷ್ಟೇ ಬಂತು.

"ಇಲ್ಲಿ ಅಂಕಿನೇ ಬರೀಬೇಕು, ರಾ," ಎಂದಳು; ಹಿರಿಯರನ್ನು ಅಲ್ಲಿ ಕರೆಯುವುದು ಹಾಗೆ.

"ನನ್ನ ದನ ಇಷ್ಟು ಅಂತ ಸಾರ್ಕೊಂಡು ತಿರುಗೋಕೆ ನಾನೇನು ನಿನ್ನೆ ಮೊನ್ನೆ ಹಸು ಕಂಡೋನಾ? ನಿಮ್ಮಜ್ಜನ್ನ ಕೇಳಿದ್ರೂ ಹೀಗೇ ಅಂತಿದ್ದ."

"ಹೋದ ಸಲ ಅವನೂ ಹೀಗೇ ಅಂದ. ಅದಕ್ಕೇ ಲಸಿಕೆ ಸಾಲದೆ ನಮ್ಮಮ್ಮನ ಎರಡು ಕಡಸು ಸತ್ತುಹೋದ್ವು."

ಹೆಂಡತಿ ಚಹಾ ತಂದಿಟ್ಟಳು. "ಕುಡಿ ಮಗಳೇ. ನಲವತ್ತು ವರ್ಷದಿಂದ ನನಗೇ ಹೇಳಿಲ್ಲ ಈ ಮಹಾರಾಯ."

ದನಗಳು ನೀರಿಗೆ ಬರುವ ಹೊತ್ತು. ಮೊದಲು ಧೂಳು ಕಂಡಿತು, ಆಮೇಲೆ ಗಂಟೆ ಕೇಳಿಸಿತು. ಬೊನೊಲೊ ಹಾಳೆಯೊಂದನ್ನು ಮಗುಚಿದಳು.

"ಎಷ್ಟು ಅನ್ನೋದು ಬೇಡ, ರಾ. ನೀವು ಒಂದೊಂದರ ಬಣ್ಣ ಹೇಳಿ, ನಾನು ಗೆರೆ ಎಳ್ಕೋತೀನಿ. ಆಗಬಹುದಾ?"

ಮುದುಕ ಮೊದಲ ಹಸು ತೊಟ್ಟಿಗೆ ಬಾಯಿಡುವವರೆಗೂ ಕಾದ.

"ಅದು ಬೂದಿ ಬಣ್ಣದ್ದು, ಸ್ವಲ್ಪ ಕುಂಟುತ್ತೆ," ಎಂದ ಕೊನೆಗೆ. "ಅದರ ಮುತ್ತಜ್ಜಿಯನ್ನ, ಕರು ನಾನಿಟ್ಕೊಂಡು, ನಮ್ಮ ಮದುವೇಲಿ ಇವಳಪ್ಪನಿಗೆ ತೆರ ಅಂತ ಕೊಟ್ಟಿದ್ದು."

"ಅದೂ ಕುಂಟ್ತಿತ್ತು," ಎಂದಳು ಹೆಂಡತಿ.

ಆಮೇಲೆ ಅವನನ್ನು ತಡೆಯುವವರಿರಲಿಲ್ಲ. ಕೆಂಪು, ಬೆನ್ನಿಗೆ ಬಿಳಿ ಪಟ್ಟೆ. ಕಪ್ಪು, ಹೊಟ್ಟೆ ಮಾತ್ರ ಬಿಳಿ. ಗಿನಿಕೋಳಿಯಂತೆ ಮೈತುಂಬ ಚುಕ್ಕೆ. ಹಾಯುತ್ತೆ, ಹತ್ತಿರ ಹೋಗಬೇಡ. ಒಂದೊಂದಕ್ಕೂ ಒಂದು ಮಾತು, ಒಂದೊಂದು ಮಾತಿಗೂ ಒಂದು ಗೆರೆ. ಬೊನೊಲೊಳ ಚಹಾ ಆರಿ ಕೆನೆಗಟ್ಟಿತು.

ಕೊನೆಯ ಹಸುವೂ ನೀರು ಕುಡಿದು ಸರಿದಾಗ ಅವಳು ಗೆರೆಗಳನ್ನು ಮನಸ್ಸಿನಲ್ಲೇ ಕೂಡಿಸಿದಳು. ಅಂಕಿಯನ್ನು ಬಾಯಿಬಿಟ್ಟು ಹೇಳದೆ ಚೌಕದೊಳಗೆ ಬರೆದು, ಹಾಳೆಯನ್ನು ಅವನತ್ತ ಹಿಡಿದಳು. ಹೆಂಡತಿ ಇಣುಕುವ ಮೊದಲೇ ಅವನು ಅದನ್ನು ಅಂಗೈಯಿಂದ ಮುಚ್ಚಿದ. ತುಸು ಹೊತ್ತು ಜಾಲಿ ಮರದತ್ತ ನೋಡಿದ.

"ಆ ಮರದ ನೆರಳಲ್ಲಿ ಒಂದು ಕರು ಮಲಗಿದೆ. ನಿನ್ನೆ ಹುಟ್ಟಿದ್ದು, ಕಂದು," ಎಂದ ಮೆಲ್ಲಗೆ. "ಅದಕ್ಕೂ ಲಸಿಕೆ ಬರಬೇಕಲ್ಲ."

ಬೊನೊಲೊ ರಬ್ಬರಿಗಾಗಿ ಚೀಲ ತಡಕಿದಳು.